ಕಾಣದ ಭಯ

ಭಯದಿಂದ ದೂರ ಓಡುವುದು ಪ್ರಾಣಿಮಾತ್ರದ ಸಹಜಗುಣ. ಆದರೆ ಹಣ ತೆತ್ತು, ಸಾಲಿನಲ್ಲಿ ನಿಂತು, ಕತ್ತಲೆಯಲ್ಲಿ ಕುಳಿತು ಭಯವನ್ನು ಬರಮಾಡಿಕೊಳ್ಳುವ ಜೀವಿ ಮನುಷ್ಯನೊಬ್ಬನೇ. ಈ ವೈಚಿತ್ರ್ಯವನ್ನು ಭಾರತದ ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಭರತಮುನಿಯ ನಾಟ್ಯಶಾಸ್ತ್ರವು ಹೇಳುವ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅಜ್ಜಿಯ ಮಗ್ಗುಲಲ್ಲಿ ಕುಳಿತು ದೆವ್ವದ ಕಥೆ ಕೇಳುವ ಮಗು ಹೆದರಿ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತದೆ, ಆದರೂ 'ಆಮೇಲೆ?' ಎಂದು ಕೇಳುವುದನ್ನು ಮಾತ್ರ ಬಿಡುವುದಿಲ್ಲ. ಆ ಒಂದು ಪದದ ಮೇಲೆಯೇ ಭಯಾನಕ ಚಲನಚಿತ್ರಗಳ ಟ್ರೇಲರ್ ಎಂಬ ಕಿರುಮುನ್ನೋಟದ ಕಲೆಯೆಲ್ಲವೂ ನಿಂತಿದೆ.

ಟ್ರೇಲರ್ ಎಂದರೆ ಹಿಂದೆ ಹಿಂದೆ ಬರುವಂಥದು. ಆರಂಭದ ದಿನಗಳಲ್ಲಿ ಅದನ್ನು ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದುದರಿಂದ ಆ ಹೆಸರು ಬಂದಿತು. ಬಳಿಕ ಅದು ಚಿತ್ರಕ್ಕಿಂತ ಮುಂದಕ್ಕೆ ಬಂದಿತಾದರೂ ಹಳೆಯ ಹೆಸರೇ ಉಳಿಯಿತು. ಅದು ವ್ಯಾಪಾರದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಳಿದ ವ್ಯಾಪಾರಿಗಳು ಸರಕನ್ನು ಬಿಚ್ಚಿ ತೋರಿಸಿದರೆ, ಭಯವನ್ನು ಮಾರುವವನು ಅದನ್ನು ಮುಚ್ಚಿಟ್ಟು ಮಾರಬೇಕು. ಬಿಚ್ಚಿದೊಡನೆ ಅದರ ಬೆಲೆ ಇಳಿದುಹೋಗುತ್ತದೆ.

ಈ ಮಾತಿಗೆ 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ತನ್ನ 'ಸೈಕೋ' ಚಿತ್ರಕ್ಕಾಗಿ ಮಾಡಿದ ಟ್ರೇಲರಿಗಿಂತ ಉತ್ತಮವಾದ ನಿದರ್ಶನವಿಲ್ಲ. ಆರು ನಿಮಿಷಕ್ಕೂ ಮೀರಿದ ಆ ತುಣುಕಿನಲ್ಲಿ ಚಿತ್ರದ ದೃಶ್ಯಗಳಿಗೆ ಬದಲಾಗಿ ನಿರ್ದೇಶಕನೇ ಕಾಣಿಸಿಕೊಳ್ಳುತ್ತಾನೆ. ಯಾತ್ರಿಕರಿಗೆ ಹಳೆಯ ಅರಮನೆಯನ್ನು ತೋರಿಸುವ ಮಾರ್ಗದರ್ಶಿಯಂತೆ, ಅವನು ನಿರ್ಜನವಾದ ವಸತಿಗೃಹವನ್ನೂ ಅದರ ಹಿಂದಿನ ಒಂಟಿಮನೆಯನ್ನೂ ನಿಧಾನವಾಗಿ ಸುತ್ತಿ ತೋರಿಸುತ್ತಾನೆ. ಮೆಟ್ಟಿಲ ಬಳಿ ನಿಂತು ಏನನ್ನೋ ಹೇಳಹೊರಟು ಅರ್ಧಕ್ಕೆ ನಿಲ್ಲಿಸುತ್ತಾನೆ. ಹೊರಗೆ ಹಗಲಿನ ಬೆಳಕಿದೆ. ಮಾತಿನಲ್ಲಿ ಹಾಸ್ಯವೂ ಇದೆ. ಆದರೆ ನೋಡುವವನ ಮನಸ್ಸು, ನಿರ್ದೇಶಕನು ನುಂಗಿಕೊಂಡ ಪ್ರತಿಯೊಂದು ಮಾತನ್ನೂ ತಾನೇ ಪೂರ್ತಿಗೊಳಿಸತೊಡಗುತ್ತದೆ. ಕೊನೆಗೆ ಸ್ನಾನದ ಮನೆಯ ಪರದೆ ಸರ್ರನೆ ಸರಿಯುತ್ತದೆ. ಒಬ್ಬ ಹೆಂಗಸಿನ ಚೀತ್ಕಾರ ಕೇಳಿಸುತ್ತದೆ. ಅಲ್ಲಿ ಚೀರುವವಳು ಚಿತ್ರದಲ್ಲಿ ಆ ದೃಶ್ಯದಲ್ಲಿ ನಟಿಸಿದ ಜಾನೆಟ್ ಲೀ ಅಲ್ಲ, ಕೃತಕ ಕೇಶ ಧರಿಸಿದ ವೆರಾ ಮೈಲ್ಸ್! ಹೀಗೆ ಎಲ್ಲವನ್ನೂ ಹೇಳಿದಂತೆ ತೋರಿಸಿ, ಮುಖ್ಯವಾದುದನ್ನು ಹಿಚ್‌ಕಾಕ್ ಕಾಪಾಡಿಕೊಂಡನು.

ಇದರ ಹಿಂದೆ ಒಂದು ಸ್ಪಷ್ಟವಾದ ಸಿದ್ಧಾಂತವಿದ್ದಿತು. 1962ರಲ್ಲಿ ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರುಫೋನೊಡನೆ ನಡೆದ ದೀರ್ಘ ಸಂಭಾಷಣೆಯಲ್ಲಿ ಹಿಚ್‌ಕಾಕ್ ಅದನ್ನು ವಿವರಿಸಿದ್ದಾನೆ. ಇಬ್ಬರು ಮಾತನಾಡುತ್ತಿರುವಾಗ ಮೇಜಿನ ಕೆಳಗಿನ ಬಾಂಬು ಹಠಾತ್ತನೆ ಸಿಡಿದರೆ ಪ್ರೇಕ್ಷಕನಿಗೆ ಕೆಲವು ಕ್ಷಣಗಳ ಆಘಾತ ಮಾತ್ರ. ಬಾಂಬು ಅಲ್ಲಿರುವುದು ಪ್ರೇಕ್ಷಕನಿಗೆ ತಿಳಿದಿದ್ದು, ಕುಳಿತವರಿಗೆ ತಿಳಿಯದಿದ್ದರೆ, ಅವರ ಒಣ ಹರಟೆಯೂ ಉಸಿರು ಕಟ್ಟಿಸುತ್ತದೆ. ಮೊದಲನೆಯದು ಬೆಚ್ಚಿಬೀಳುವಿಕೆ, ಎರಡನೆಯದು ಕಾತರ. ಒಳ್ಳೆಯ ಟ್ರೇಲರ್ ಎರಡನೆಯದನ್ನೇ ಬಿತ್ತುತ್ತದೆ. ಮೇಜಿನ ಕೆಳಗೆ ಏನೋ ಇದೆಯೆಂದು ತಿಳಿಸಿ, ಅದು ಸಿಡಿಯುವುದನ್ನು ಕಾಣಲು ಚಿತ್ರಮಂದಿರಕ್ಕೇ ಬರಬೇಕೆಂದು ಕರೆಯುತ್ತದೆ.

ನಂತರದ ಶ್ರೇಷ್ಠ ಟ್ರೇಲರುಗಳೂ ಈ ಸಂಯಮದ ಹಾದಿಯಲ್ಲೇ ನಡೆದವು. 1979ರ 'ಏಲಿಯನ್' ಚಿತ್ರದ ಟ್ರೇಲರಿನಲ್ಲಿ ಸಂಭಾಷಣೆಯೇ ಇಲ್ಲ. ಕತ್ತಲೆಯಲ್ಲಿ ತೇಲುವ ಒಂದು ಮೊಟ್ಟೆ, ಅದರ ಬಿರುಕಿನಿಂದ ಸೂಸುವ ಬೆಳಕು, ಬಳಿಕ ಕರ್ಕಶ ಧ್ವನಿಯ ನಡುವೆ ಓಡುವ ಮನುಷ್ಯರು. ಅವರನ್ನು ಅಟ್ಟಿಬರುತ್ತಿರುವುದು ಏನೆಂಬುದು ತಿಳಿಯುವುದಿಲ್ಲ. ಸ್ಟ್ಯಾನ್ಲಿ ಕುಬ್ರಿಕ್‌ನ 'ದಿ ಶೈನಿಂಗ್' (1980) ಚಿತ್ರದ ಮೊದಲ ಟ್ರೇಲರಿನಲ್ಲಿರುವುದು ಒಂದೇ ಒಂದು ದೃಶ್ಯ: ಮುಚ್ಚಿದ ಲಿಫ್ಟಿನ ಬಾಗಿಲು, ಅದರ ಅಂಚಿನಿಂದ ಹೊಮ್ಮಿ ಹಜಾರವನ್ನೇ ಮುಳುಗಿಸುವ ರಕ್ತದ ಹೊನಲು. ಯಾರ ರಕ್ತ? ಎಲ್ಲಿಂದ ಬಂದಿತು? ಉತ್ತರವಿಲ್ಲ. ಉತ್ತರವಿಲ್ಲದಿರುವುದೇ ಅದರ ಶಕ್ತಿ.

ಇಂದಿನ ಅನೇಕ ಟ್ರೇಲರುಗಳು ಈ ಪಾಠವನ್ನು ಮರೆತಿರುವುದು ವಿಷಾದದ ಸಂಗತಿ. ಅವುಗಳ ರಚನೆ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಮೊದಲು ನೆಮ್ಮದಿಯ ಸಂಸಾರ, ಹೊಸ ಮನೆ, ನಡುವೆ ನಿಶ್ಶಬ್ದ, ಆ ನಿಶ್ಶಬ್ದವನ್ನು ಸೀಳುವ ಸಿಡಿಲಿನಂಥ ಸದ್ದು, ಬಳಿಕ ಕಣ್ಣೆವೆಯಿಕ್ಕುವಷ್ಟರಲ್ಲಿ ಬಂದುಹೋಗುವ ನೂರಾರು ತುಣುಕುಗಳು, ಹೆಸರು ಮೂಡಿದ ಮೇಲೆ ಕಡೆಯದೊಂದು ಆಘಾತ. ಹಠಾತ್ತಾದ ದೊಡ್ಡ ಸದ್ದಿಗೆ ಕಣ್ಣು ಮುಚ್ಚುವುದು, ಭುಜ ಮೇಲೇರುವುದು ದೇಹದ ಸಹಜ ಪ್ರತಿಕ್ರಿಯೆ. ಬಾಗಿಲು ಗಾಳಿಗೆ ಬಡಿದುಕೊಂಡರೂ ಅದು ಆಗುತ್ತದೆ. ಅದನ್ನು ಕೆರಳಿಸುವುದಕ್ಕೆ ಕಲೆಯೇ ಬೇಕಾಗಿಲ್ಲ. ಮೇಲಾಗಿ, ಎರಡೂವರೆ ನಿಮಿಷದಲ್ಲಿ ಕಥೆಯ ಆದ್ಯಂತವನ್ನೂ ಸುರಿದುಬಿಟ್ಟರೆ ಪ್ರೇಕ್ಷಕನಿಗೆ 'ಆಮೇಲೆ?' ಎಂದು ಕೇಳಲು ಏನು ಉಳಿದೀತು?

ಮುಚ್ಚಿಡುವುದು ಕಲೆಯಾದರೂ ಸುಳ್ಳು ಹೇಳುವುದು ಕಲೆಯಲ್ಲ. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಎಂಬ ಅಮೆರಿಕದ ಚಿತ್ರವನ್ನು, ಕಾಡಿನಲ್ಲಿ ಕಾಣೆಯಾದ ಮೂವರು ವಿದ್ಯಾರ್ಥಿಗಳು ನಿಜವಾಗಿಯೂ ಚಿತ್ರಿಸಿದ್ದೆಂಬಂತೆ ಪ್ರಚಾರ ಮಾಡಲಾಯಿತು. ಅತ್ಯಲ್ಪ ವೆಚ್ಚದ ಆ ಚಿತ್ರ ಜಗತ್ತಿನಾದ್ಯಂತ 24 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ಬದುಕಿದ್ದ ನಟಿಯ ತಾಯಿಗೆ ಅಪರಿಚಿತರಿಂದ ಸಂತಾಪದ ಪತ್ರಗಳು ಬಂದವು. ಪ್ರಚಾರದ ಜಾಣ್ಮೆಯನ್ನು ಹೊಗಳುವವರು ಈ ಪತ್ರಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಚ್‌ಕಾಕ್ ತೋರಿಸಿದ್ದು ಆಟವೆಂದು ಎಲ್ಲರಿಗೂ ತಿಳಿದಿತ್ತು. ಇಲ್ಲಿ ಆಟದ ಗೆರೆಯನ್ನೇ ಅಳಿಸಲಾಗಿತ್ತು.

ಇನ್ನೊಂದು ಗೆರೆಯೂ ಉಂಟು. ಭಯವು ರಸವಾಗುವುದು ಅದನ್ನು ಬಯಸಿ ಬಂದವನಿಗೆ ಮಾತ್ರ. 2018ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಚಿತ್ರಮಂದಿರವೊಂದರಲ್ಲಿ, ಮೊಲದ ಕಥೆಯ 'ಪೀಟರ್ ರ‍್ಯಾಬಿಟ್' ಚಿತ್ರವನ್ನು ನೋಡಲು ಕುಳಿತಿದ್ದ ಮಕ್ಕಳ ಮುಂದೆ 'ಹೆರೆಡಿಟರಿ' ಎಂಬ ಘೋರ ಚಿತ್ರದ ಟ್ರೇಲರ್ ಪ್ರಮಾದದಿಂದ ತೆರೆಯ ಮೇಲೆ ಬಂದಿತು. ಗಾಬರಿಗೊಂಡ ತಂದೆತಾಯಿಗಳು ಮಕ್ಕಳ ಕಣ್ಣು ಕಿವಿ ಮುಚ್ಚಬೇಕಾಯಿತು. ಭಾರತದಲ್ಲಿ ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರಿಗೂ ಪ್ರಮಾಣಪತ್ರ ಬೇಕು. ಆದರೆ ಇಂದು ಟ್ರೇಲರುಗಳು ಮನೆಮನೆಯ ಮೊಬೈಲಿಗೇ ಬಂದಿಳಿಯುತ್ತವೆ. ಅಲ್ಲಿ ಬಾಗಿಲು ಕಾಯುವವರಿಲ್ಲ. ನೋಡುವವನ ವಿವೇಕವೇ ಕಾವಲುಗಾರ.

ಆ ವಿವೇಕಕ್ಕೆ ಟ್ರೇಲರುಗಳನ್ನು ದ್ವೇಷಿಸಬೇಕಾದ ಅಗತ್ಯವಿಲ್ಲ. ಗಾರುಡಿಗನ ಕೈಚಳಕವನ್ನು ಬಲ್ಲವನು ಅವನ ಆಟವನ್ನು ಇನ್ನಷ್ಟು ಸವಿಯಬಲ್ಲನು. ಮೋಸಹೋಗುವುದು ಮಾತ್ರ ಕಡಿಮೆ. ಸದ್ದು ಎಲ್ಲಿ ನಿಂತಿತು, ಯಾವುದನ್ನು ಮರೆಮಾಡಲಾಯಿತು, ಎದೆ ಬಡಿದುಕೊಂಡಿದ್ದು ಕಂಡದ್ದರಿಂದಲೋ ಕಾಣದ್ದರಿಂದಲೋ ಎಂದು ಕೇಳಿಕೊಳ್ಳುವವನು ಒಂದು ಸತ್ಯವನ್ನು ಕಂಡುಕೊಳ್ಳುತ್ತಾನೆ. ತೆರೆಯ ಮೇಲಿರುವುದು ಬರಿಯ ಬೆಳಕು ನೆರಳು. ಅದಕ್ಕೆ ಕೋರೆಹಲ್ಲು ಮೂಡಿಸುವುದು ನೋಡುವವನ ಕಲ್ಪನೆಯೇ. ಅಷ್ಟು ಪ್ರಬಲವಾದ ಶಕ್ತಿಯನ್ನು ಯಾರ ಕೈಗೆ, ಎಷ್ಟು ಹೊತ್ತು ಒಪ್ಪಿಸಬೇಕೆಂಬ ನಿರ್ಧಾರ ಅವನದೇ ಆಗಿರಬೇಕು.