ಲೆಕ್ಕಕ್ಕೆ ಬಾರದ ಲಾಭ

ಸಾರ್ವಜನಿಕ ಸಾರಿಗೆ ಸಂಸ್ಥೆಯೊಂದರ ವಾರ್ಷಿಕ ಲೆಕ್ಕಪತ್ರ ಪ್ರಕಟವಾದೊಡನೆ ಎಲ್ಲರ ದೃಷ್ಟಿಯೂ ಮೊದಲು ಹರಿಯುವುದು ನಷ್ಟದ ಮೊತ್ತದ ಮೇಲೆ. ದಿಲ್ಲಿ ಸಾರಿಗೆ ನಿಗಮವೂ ಇದಕ್ಕೆ ಹೊರತಲ್ಲ. ಟಿಕೇಟಿನ ಆದಾಯಕ್ಕಿಂತ ವೆಚ್ಚ ಬಹಳ ಹೆಚ್ಚು ಎಂಬುದು ನಿಜ. ಆಡಳಿತದ ಲೋಪದೋಷಗಳನ್ನು ಮರೆಮಾಚುವ ಅಗತ್ಯವೂ ಇಲ್ಲ. ಆದರೆ ಜಮಾಖರ್ಚು ಬಲ್ಲ ಯಾರಾದರೂ ಒಪ್ಪುವ ಮಾತೊಂದಿದೆ: ರೂಪಾಯಿಯಲ್ಲಿ ಅಳೆಯದ ಪ್ರಯೋಜನ ಖಾತೆಯ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಬಸ್ಸಿನಿಂದ ನಗರದ ಗಾಳಿಗೂ, ಆ ಗಾಳಿಯನ್ನು ಉಸಿರಾಡುವ ಶ್ವಾಸಕೋಶಕ್ಕೂ ಆಗುವ ಉಪಕಾರ ಇಂತಹುದು. ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ದಿಲ್ಲಿಯ ಬಸ್ಸುಗಳು ಹೊಗೆಯಿಂದ ಬಿಡುಗಡೆ ಪಡೆದ ಇತಿಹಾಸ ಸ್ಮರಣೀಯವಾದುದು. ರಾಜಧಾನಿಯ ವಾಯುಮಾಲಿನ್ಯದ ವಿರುದ್ಧ ನ್ಯಾಯವಾದಿ ಎಂ. ಸಿ. ಮೆಹ್ತಾ ಅವರು ಸುಪ್ರೀಂ ಕೋರ್ಟಿಗೆ ಮೊರೆಹೊಕ್ಕುದು 1985ರಲ್ಲಿ. ಭೂರೇ ಲಾಲ್ ಅವರ ನೇತೃತ್ವದ ಪ್ರಾಧಿಕಾರದ ಸಲಹೆಗಳನ್ನು ಅನುಸರಿಸಿ, 1998ರ ಜುಲೈ 28ರಂದು ನ್ಯಾಯಾಲಯವು ಎರಡು ಮುಖ್ಯ ಆಜ್ಞೆಗಳನ್ನು ನೀಡಿತು. ನಗರದ ಬಸ್ಸುಗಳೆಲ್ಲವೂ 2001ರ ಮಾರ್ಚ್ ಅಂತ್ಯದೊಳಗೆ ಡೀಸೆಲ್ ತೊರೆದು ಸಿ.ಎನ್.ಜಿ. ಅನಿಲದಿಂದ ಓಡಬೇಕು ಎಂಬುದು ಒಂದು. ಬಸ್ಸುಗಳ ಸಂಖ್ಯೆಯನ್ನು 10,000ಕ್ಕೆ ಏರಿಸಬೇಕು ಎಂಬುದು ಇನ್ನೊಂದು.

ಮೊದಲನೆಯ ಆಜ್ಞೆಯೂ ಸುಲಭವಾಗಿ ನಡೆಯಲಿಲ್ಲ. ಅನಿಲದ ಪಂಪುಗಳ ಮುಂದೆ ಬಸ್ಸುಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಂತವು. ನಿಲ್ದಾಣಗಳಲ್ಲಿ ಜನ ಕಾದು ಬಸವಳಿದರು. ಗಡುವನ್ನು ಮುಂದೂಡಬೇಕೆಂಬ ಕೂಗು ಎದ್ದಿತು. ಕೊನೆಗೆ 2002ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಡೀಸೆಲ್ ಬಸ್ಸೊಂದಕ್ಕೆ ದಿನಕ್ಕೆ 500 ರೂಪಾಯಿ, 30 ದಿನಗಳ ಬಳಿಕ 1,000 ರೂಪಾಯಿ ದಂಡವನ್ನು ವಿಧಿಸಿತು. ಅದೇ ವರ್ಷ ಡಿಸೆಂಬರ್ ಬರುವ ಹೊತ್ತಿಗೆ ನಗರ ಸಂಚಾರದ ಬಸ್ಸುಗಳಿಂದ ಡೀಸೆಲ್ ಮರೆಯಾಯಿತು.

ಇದರ ಆರೋಗ್ಯ ಮಹತ್ವವನ್ನು ಅರಿಯಲು ವೈದ್ಯಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ. ಡೀಸೆಲ್ ಹೊಗೆಯ ಕಪ್ಪು ಮಸಿಯಲ್ಲಿ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತಲೂ ಸೂಕ್ಷ್ಮವಾದ ಕಣಗಳಿರುತ್ತವೆ. ಮೂಗು, ಗಂಟಲುಗಳ ತಡೆಯನ್ನು ದಾಟಿ ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಉಬ್ಬಸವನ್ನು ಕೆರಳಿಸುತ್ತವೆ, ಹೃದ್ರೋಗಿಗಳಿಗೆ ಅಪಾಯವನ್ನು ಹೆಚ್ಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಎಂಜಿನ್ನಿನ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಪಟ್ಟಿಗೆ ಸೇರಿಸಿತು. ಮುಖ್ಯವಾಗಿ ಮಿಥೇನ್ ಆಗಿರುವ ನೈಸರ್ಗಿಕ ಅನಿಲವು ಉರಿದಾಗ ಇಂತಹ ಮಸಿ ಅತ್ಯಲ್ಪ.

ಹಾಗಿದ್ದರೂ ದಿಲ್ಲಿಯ ಚಳಿಗಾಲದ ಆಕಾಶ ಇಂದಿಗೂ ಏಕೆ ಬೂದಿಬಣ್ಣಕ್ಕೆ ತಿರುಗುತ್ತದೆ ಎಂಬ ಪ್ರಶ್ನೆ ಸಹಜ. ಹೊಲಗಳಲ್ಲಿ ಸುಡುವ ಕೂಳೆ, ರಸ್ತೆಯ ಧೂಳು, ಕಾರ್ಖಾನೆಗಳ ಹೊಗೆ, ಗಾಳಿಯಾಡದ ಹವಾಮಾನ ಇವೆಲ್ಲ ಕಾರಣಗಳೇ. ಬಸ್ಸೊಂದೇ ಇವುಗಳಿಗೆಲ್ಲ ಪರಿಹಾರವಲ್ಲ. ಆದರೆ ನಗರವು ತನ್ನ ಕೈಯಾರೆ ಮಾಡಿಕೊಂಡ ತಪ್ಪೊಂದಿದೆ. ನ್ಯಾಯಾಲಯದ ಎರಡು ಆಜ್ಞೆಗಳಲ್ಲಿ ಇಂಧನದ್ದು ಪಾಲನೆಯಾಯಿತು, ಸಂಖ್ಯೆಯದು ಪಾಲನೆಯಾಗಲಿಲ್ಲ. ಕಾಲು ಶತಮಾನ ಕಳೆದರೂ ಬಸ್ಸುಗಳ ಸಂಖ್ಯೆ ಆ ಗುರಿಯಿಂದ ಬಹು ಕೆಳಗೇ ಉಳಿದಿದೆ. ಇತ್ತ 2017ರ ಹೊತ್ತಿಗೆ ರಾಜಧಾನಿಯಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ದಾಟಿದ್ದವು. ಬಸ್ಸುಗಳು ಉಳಿಸಿಕೊಟ್ಟ ಗಾಳಿಯನ್ನು ಖಾಸಗಿ ವಾಹನಗಳು ಕೆಡಿಸಿದವು.

ಇಲ್ಲಿಯೇ ಮುಖ್ಯ ವಿಚಾರವಿರುವುದು. ಬಸ್ಸು ಪರಿಸರವನ್ನು ಕಾಯುವುದು ತನ್ನ ಇಂಧನದಿಂದ ಮಾತ್ರವಲ್ಲ, ತನ್ನೊಳಗೆ ಕುಳಿತ ಪ್ರಯಾಣಿಕರಿಂದ. ನಲವತ್ತು ಮಂದಿ ಕುಳಿತ ಒಂದು ಬಸ್ಸು, ತಲಾ ಇಬ್ಬರು ಕುಳಿತ ಇಪ್ಪತ್ತು ಕಾರುಗಳ ಕೆಲಸವನ್ನು ಮಾಡುತ್ತದೆ. ರಸ್ತೆಯಲ್ಲಿ ಅವುಗಳ ಅಲ್ಪಭಾಗದಷ್ಟು ಸ್ಥಳವನ್ನು ಮಾತ್ರ ಬೇಡುತ್ತದೆ. ಖಾಲಿ ಓಡುವ ಬಸ್ಸು ಎಷ್ಟೇ ಶುದ್ಧವಾಗಿದ್ದರೂ ಯಾರನ್ನೂ ಕಾಪಾಡದು. 2022ರ ಜನವರಿಯಿಂದ ನಿಗಮವು ರಸ್ತೆಗಿಳಿಸಿದ ವಿದ್ಯುತ್ ಬಸ್ಸುಗಳಿಗೂ ಈ ಮಾತು ಅನ್ವಯಿಸುತ್ತದೆ. ಅವು ಹೊಗೆಯುಗುಳುವುದಿಲ್ಲ, ಸದ್ದೂ ಕಡಿಮೆ; ಆದರೆ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಜನ ಸ್ಕೂಟರನ್ನೇ ನೆಚ್ಚುತ್ತಾರೆ. 2019ರ ಅಕ್ಟೋಬರ್ 29ರಂದು ಆರಂಭವಾದ ಮಹಿಳೆಯರ ಉಚಿತ ಪ್ರಯಾಣವನ್ನು ಕೇವಲ ಸಹಾಯಧನದ ಹೊರೆಯೆಂದು ಬಗೆಯುವವರೂ ಈ ದೃಷ್ಟಿಯಿಂದ ಮತ್ತೊಮ್ಮೆ ಯೋಚಿಸುವುದು ಒಳಿತು.

ಬಸ್ಸಿಗೆ ದಾರಿ ಬಿಡುವ ಔದಾರ್ಯವೂ ನಗರಕ್ಕೆ ಇರಬೇಕು. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದದವರೆಗೆ ಬಸ್ಸುಗಳಿಗಾಗಿಯೇ ಪ್ರತ್ಯೇಕ ಪಥವೊಂದನ್ನು ತೆರೆಯಲಾಯಿತು. ಅದರಲ್ಲಿ ನ್ಯೂನತೆಗಳಿದ್ದವು. ಆದರೆ ಅವುಗಳನ್ನು ತಿದ್ದುವ ಬದಲು 2016ರಲ್ಲಿ ಪಥವನ್ನೇ ಕಿತ್ತುಹಾಕಲಾಯಿತು. ಕಾರಿನಲ್ಲಿ ಕುಳಿತವರ ಅಸಹನೆ ಪತ್ರಿಕೆಗಳಲ್ಲಿ ಕೇಳಿಸಿದಷ್ಟು ಗಟ್ಟಿಯಾಗಿ, ಬಸ್ಸಿನಲ್ಲಿ ನಿಂತವರ ದನಿ ಕೇಳಿಸಲಿಲ್ಲ.

ಆದುದರಿಂದ ಸಾರಿಗೆ ನಿಗಮದ ವಾರ್ಷಿಕ ವರದಿಯಲ್ಲಿ ಲಾಭನಷ್ಟದ ತಃಖ್ತೆಯ ಜೊತೆಗೆ ಇನ್ನೊಂದು ತಃಖ್ತೆಯೂ ಇರತಕ್ಕದ್ದು: ಎಷ್ಟು ಪ್ರಯಾಣಿಕರು, ಎಷ್ಟು ಕಿಲೋಮೀಟರು, ಎಷ್ಟು ಇಂಧನದ ಉಳಿತಾಯ, ಎಷ್ಟು ಹೊಗೆ ತಪ್ಪಿತು. ಆಗ ಸರಕಾರ ನೀಡುವ ಹಣವು ನಷ್ಟಭರ್ತಿಯೋ ಆರೋಗ್ಯಕ್ಕೆ ಹೂಡಿದ ಬಂಡವಾಳವೋ ಎಂಬುದನ್ನು ತೆರಿಗೆ ತೆರುವ ನಾಗರಿಕನೇ ತೀರ್ಮಾನಿಸಬಲ್ಲ.

ಈ ಹೊಣೆಯಲ್ಲಿ ದಿಲ್ಲಿಯ ಕನ್ನಡಿಗರಿಗೂ ಪಾಲಿದೆ. ಕೇಂದ್ರ ಸರಕಾರದ ಕಛೇರಿಗಳ ನೌಕರಿಯನ್ನರಸಿ ಬಂದ ಹಿಂದಿನ ಪೀಳಿಗೆ, ಊಟದ ಡಬ್ಬಿ ಹಿಡಿದು ಬಸ್ಸಿನಲ್ಲಿ ಜೋತುಬಿದ್ದೇ ಜೀವನ ಸಾಗಿಸಿತು. ಆ ಪಯಣದಲ್ಲೇ ಎಷ್ಟೋ ಸ್ನೇಹಗಳು ಕುದುರಿದವು. ಮಕ್ಕಳ ಕಾಲಕ್ಕೆ ಮನೆಗೆ ಕಾರು ಬಂದಿತು. ಅದು ದುಡಿಮೆಯ ಫಲ, ಅದರಲ್ಲಿ ತಪ್ಪಿಲ್ಲ. ಆದರೆ ಆ ಹಿರಿಯರೇ ಇಂದು ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು, ಉಸಿರಿಗಾಗಿ ಔಷಧಿಯನ್ನು ಕೈಯಲ್ಲಿ ಹಿಡಿದು ಕುಳಿತಿರುವಾಗ, ವಾರದಲ್ಲಿ ಎರಡು ದಿನವಾದರೂ ಕಾರನ್ನು ಮನೆಯಲ್ಲೇ ಬಿಡುವುದು ಅವರಿಗೆ ಸಲ್ಲಿಸುವ ಸೇವೆಯಲ್ಲವೇ? ರಾಜ್ಯೋತ್ಸವ ಬರುವುದು ಗಾಳಿ ತೀರ ಕೆಡುವ ನವೆಂಬರ್ ತಿಂಗಳಿನಲ್ಲೇ. ಆ ಸಮಾರಂಭಕ್ಕೆ ಮನೆಮಂದಿಯೆಲ್ಲ ಬಸ್ಸಿನಲ್ಲಿಯೋ ಮೆಟ್ರೋದಲ್ಲಿಯೋ ಬರುವ ರೂಢಿಯನ್ನು ಆರಂಭಿಸಲು ಯಾವ ಸರಕಾರದ ಆಜ್ಞೆಯೂ ಬೇಕಾಗಿಲ್ಲ.