ಹೊಗಳಿಕೆ ಬೇಡ, ಸುದ್ದಿ ಇದ್ದರೆ ಹೇಳಿ

‘ಇದು ಪತ್ರಿಕಾ ಪ್ರಕಟಣೆ ಅಲ್ಲಮ್ಮ, ಜಾಹೀರಾತು. ಜಾಹೀರಾತು ವಿಭಾಗ ಕೆಳಗಿನ ಮಹಡಿಯಲ್ಲಿದೆ.’

ವಿಜಯಪುರದ ಪತ್ರಿಕಾ ಕಚೇರಿಯೊಂದರಲ್ಲಿ ಉಪಸಂಪಾದಕರು ಹೀಗೆಂದು ನನ್ನ ಹಾಳೆಯನ್ನು ನನ್ನ ಕಡೆಗೇ ಸರಿಸಿದಾಗ ಸಿಟ್ಟು ಬಂದಿತ್ತು. ಪದವಿಯಲ್ಲಿ ಪತ್ರಿಕೋದ್ಯಮ ಓದಿದವಳು ನಾನು. ‘ಪತ್ರಿಕಾ ಪ್ರಕಟಣೆ ಎಂದರೇನು?’ ಎಂಬ ಐದು ಅಂಕದ ಪ್ರಶ್ನೆಗೆ ಐದೂ ಅಂಕ ಪಡೆದವಳು. ಆದರೆ ಮೂರು ವರ್ಷದಲ್ಲಿ ಒಂದೇ ಒಂದು ಪ್ರಕಟಣೆಯನ್ನು ನಿಜವಾಗಿ ಬರೆದು ಯಾವ ಪತ್ರಿಕೆಗೂ ಕಳಿಸಿರಲಿಲ್ಲ.

ಬರೆಯುವ ಪ್ರಸಂಗ ಬಂದದ್ದು ಚಿಗವ್ವನಿಂದ. ಊರ ಹೊರಗೆ ಬಾಡಿಗೆ ಶೆಡ್ಡೊಂದರಲ್ಲಿ ಏಳು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಅವಳು ಕಡಕ್ ರೊಟ್ಟಿ ಮಾಡಿಸುತ್ತಾಳೆ. ಯಂತ್ರದ ರೊಟ್ಟಿ ಅಗ್ಗಕ್ಕೆ ಸಿಗುತ್ತದೆಂದು ಎರಡು ಖಾನಾವಳಿಯವರು ಅವಳಲ್ಲಿ ತರಿಸುವುದನ್ನು ನಿಲ್ಲಿಸಿದ್ದರು. ಬ್ಯಾಂಕಿನ ಕಂತು ಮಾತ್ರ ನಿಂತಿರಲಿಲ್ಲ. ಜಾಹೀರಾತು ಕೊಡುವಷ್ಟು ದುಡ್ಡು ಎಲ್ಲಿಂದ ಬರಬೇಕು? ‘ನೀ ಪೇಪರಿಂದ ಓದೀಯಲ್ಲ, ಏನರ ಬರದು ಹಾಕ್ಸವಾ’ ಎಂದಳು. ನಾನೂ ಕೆಲಸ ಹುಡುಕುತ್ತ ಮನೆಯಲ್ಲೇ ಕೂತಿದ್ದೆ.

ಆ ಮೊದಲ ಪ್ರಕಟಣೆಯ ಮೊದಲ ಸಾಲು ಈಗಲೂ ನೆನಪಿದೆ: ‘ರುಚಿ, ಶುಚಿ ಹಾಗೂ ಗುಣಮಟ್ಟಕ್ಕೆ ಹೆಸರಾದ, ನಾಡಿನ ಮನೆಮಾತಾದ...’ ಮನೆಮಾತು! ನಮ್ಮ ಓಣಿಯ ಅರ್ಧ ಮಂದಿಗೇ ಆ ಶೆಡ್ಡು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಇಡೀ ಪುಟದಲ್ಲಿ ಎಷ್ಟು ರೊಟ್ಟಿ, ಯಾರು ಮಾಡುತ್ತಾರೆ, ಏನು ಬೆಲೆ ಎಂಬುದು ಒಂದೂ ಇರಲಿಲ್ಲ. ಉಪಸಂಪಾದಕರ ಮಾತು ಸರಿಯೇ ಇತ್ತು ಎಂದು ಈಗ ಹೇಳಬಲ್ಲೆ. ಆಗ ಮಾತ್ರ, ‘ಇವರಿಗೆ ಬೇಕಾದದ್ದು ಮಸಾಲೆ’ ಅಂದುಕೊಂಡೆ.

ಹಾಗೆಂದೇ ಎರಡನೆಯದಕ್ಕೆ ಮಸಾಲೆ ಹಾಕಿದೆ. ‘ಸಕ್ಕರೆ ಕಾಯಿಲೆಗೆ ರಾಮಬಾಣ ಈ ಜೋಳದ ರೊಟ್ಟಿ’ ಎಂದು ತಲೆಬರಹ ಕೊಟ್ಟು ಎಲ್ಲ ಕಡೆಗೂ ಕಳಿಸಿದೆ. ಸಣ್ಣ ಪತ್ರಿಕೆಯೊಂದು ಅಕ್ಷರ ಬದಲಿಸದೆ ಹಾಕಿತು. ಚಿಗವ್ವ ಅದನ್ನು ಶೆಡ್ಡಿನ ಗೋಡೆಗೆ ಅಂಟಿಸಿದಳು. ನಾನು ಸ್ಟೇಟಸ್‌ಗೆ ಹಾಕಿದೆ.

ಹದಿನೈದು ಇಪ್ಪತ್ತು ದಿನಗಳ ಮೇಲೆ ವಯಸ್ಸಾದ ಒಬ್ಬರು ಶೆಡ್ಡಿಗೆ ಬಂದರು. ಅಂಗಿಯ ಕಿಸೆಯಲ್ಲಿ ಆ ಸುದ್ದಿಯ ತುಣುಕು ಮಡಚಿ ಇಟ್ಟುಕೊಂಡಿದ್ದರು. ‘ಗುಳಿಗಿ ಬಿಟ್ಟೇನ್ರಿ ತಂಗಿ. ಎರಡೂ ಹೊತ್ತು ನಿಮ್ಮ ರೊಟ್ಟೀನ’ ಎಂದರು. ಸಂತೋಷದಿಂದ ಹೇಳಿದರು, ಅದೇ ನನಗೆ ಇನ್ನೂ ಚುಚ್ಚುವುದು. ಚಿಗವ್ವ ಕೈತೊಳೆದುಕೊಂಡು ಬಂದು, ‘ಯಜ್ಜಾ, ಮದಲ ದವಾಖಾನಿಗೆ ಹೋಗ್ರಿ. ಗುಳಿಗಿ ಬಿಡಬ್ಯಾಡ್ರಿ’ ಎಂದು ಕಳಿಸಿದಳು. ಎರಡು ದಿನ ಬಿಟ್ಟು ಅವರ ಮಗ ಬಂದ. ಸಕ್ಕರೆ ಬಹಳ ಏರಿತ್ತಂತೆ. ಅವನು ಬೈದದ್ದನ್ನೆಲ್ಲ ಚಿಗವ್ವ ತಲೆ ತಗ್ಗಿಸಿ ಕೇಳಿದಳು. ಬರೆದವಳು ನಾನು, ಬೈಸಿಕೊಂಡವಳು ಅವಳು. ಅವತ್ತೇ ಗೋಡೆಯ ಮೇಲಿನ ತುಣುಕನ್ನು ಅವಳೇ ಕಿತ್ತಳು. ನಾನು ಆ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಮೂರು ಸಾಲು ಬಂತು, ಅದೂ ಕೆಳಗಿನ ಮೂಲೆಯಲ್ಲಿ. ಆ ಯಜ್ಜನಂಥ ಇನ್ನೆಷ್ಟು ಜನ ಅದನ್ನು ಓದಿದರೋ.

ಜೋಳದಲ್ಲಿ ನಾರಿನಂಶ ಇದೆ ಎನ್ನುವುದು ಬೇರೆ, ಕಾಯಿಲೆ ವಾಸಿಯಾಗುತ್ತದೆ ಎನ್ನುವುದು ಬೇರೆ. ಆಮೇಲೆ ಹುಡುಕಿ ಓದಿದೆ: ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 53ನೇ ಸೆಕ್ಷನ್ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಜಾಹೀರಾತು ಎಂಬ ಪದಕ್ಕೆ ಆ ಕಾಯ್ದೆ ಕೊಟ್ಟಿರುವ ಅರ್ಥವೂ ದೊಡ್ಡದು, ಸುತ್ತೋಲೆ ಮತ್ತು ಲೇಬಲ್ಲೂ ಅದರೊಳಗೆ ಬರುತ್ತವೆ. ಏಳು ಜನರ ಹೊಟ್ಟೆ ಹೊರೆಯುವ ಶೆಡ್ಡನ್ನು ನನ್ನ ಒಂದು ‘ರಾಮಬಾಣ’ ಮುಚ್ಚಿಸಬಹುದಿತ್ತು.

ಮಸಾಲೆ ಹಾಕದಿದ್ದರೆ ಯಾರೂ ಓದುವುದಿಲ್ಲ ಎಂದು ನನ್ನ ಗೆಳತಿಯರು ಈಗಲೂ ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಪತ್ರಿಕಾ ಪ್ರಕಟಣೆ ಹುಟ್ಟಿದ್ದೇ ಮುಚ್ಚುಮರೆ ಬಿಡುವುದಕ್ಕೆ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಹಲವರು ಸತ್ತರು. ಅಪಘಾತವಾದರೆ ವರದಿಗಾರರನ್ನು ದೂರ ಇಡುವುದು ಆ ಕಾಲದ ರೈಲು ಕಂಪನಿಗಳ ರೂಢಿ. ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿಗೆ ಕೆಲಸ ಮಾಡುತ್ತಿದ್ದ ಐವಿ ಲೀ ಎಂಬಾತ ಅದಕ್ಕೆ ಬದಲು, ಆದದ್ದನ್ನು ಬರೆದು ಪತ್ರಕರ್ತರ ಕೈಗೆ ಕೊಟ್ಟ, ಸ್ಥಳಕ್ಕೂ ಕರೆದೊಯ್ದ. ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಹೆಸರಿಸುವುದು ಅದನ್ನೇ. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದಂತೆಯೇ ಅಚ್ಚು ಹಾಕಿತು. ಇದು ನನ್ನ ಪಠ್ಯದಲ್ಲೂ ಇತ್ತು. ಇಸವಿ ಬಾಯಿಪಾಠ ಮಾಡಿದ್ದೆ, ಅಷ್ಟೆ.

ಮೂರನೆಯದನ್ನು ಬರೆಯುವ ಮೊದಲು ಒಂದು ನೋಟ್‌ಬುಕ್ ಹಿಡಿದು ಇಡೀ ದಿನ ಶೆಡ್ಡಿನಲ್ಲಿ ಕೂತೆ. ಜೋಳ ಯಾವುದು? ಮಾಲದಂಡಿ. ಎಲ್ಲಿಂದ ತರುತ್ತಾರೆ? ಒಬ್ಬರು ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತಾರೆ? ಎಷ್ಟು ದಿನ ಕೆಡದೆ ಇರುತ್ತದೆ? ಚಿಗವ್ವನಿಗೆ ಇವೆಲ್ಲ ಹೇಳುವಂಥ ಸಂಗತಿಗಳೇ ಅಲ್ಲ. ‘ಇದ್ರಾಗೇನೈತಿ ಬರಿಯೂದು?’ ಎಂದಳು. ಹದಿನೈದು ವರ್ಷ ಬಡಿದವರಿಗೆ ರೊಟ್ಟಿ ಸುದ್ದಿಯಲ್ಲ. ಹೊರಗಿನವರಂತೆ ಕೇಳುವ ಒಬ್ಬರು ಬೇಕು, ಆ ಕೆಲಸವನ್ನು ನಮ್ಮಂಥ ಓದಿದ ಹುಡುಗ ಹುಡುಗಿಯರು ಮಾಡಬಹುದು.

ಮಾತಿನ ನಡುವೆ ಅವಳು ಹೇಳಿದ ಒಂದು ಸಂಗತಿಗೆ ಕಿವಿ ನೆಟ್ಟಗಾಯಿತು. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಯ್ಯಲೇಬೇಕು. ಊರಲ್ಲಿ ಹೊಲವಿದೆ, ಪೇಟೆಯಲ್ಲಿ ನೌಕರಿಯಿದೆ, ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲ ಎನ್ನುವ ಮಂದಿ ಈಗ ಇಲ್ಲಿಗೆ ಬಂದು ಕೊಳ್ಳುತ್ತಾರೆ. ಹಬ್ಬಕ್ಕೆ ಆರು ಸಾವಿರ ರೊಟ್ಟಿ ಮಾಡುವ ಲೆಕ್ಕ ಹಾಕಿದ್ದಳು. ಸುದ್ದಿ ಇದೇ ತಾನೇ! ‘ಎಳ್ಳ ಅಮವಾಸ್ಯೆಗೆ ಆರು ಸಾವಿರ ಸಜ್ಜೆ ರೊಟ್ಟಿ: ಏಳು ಮಹಿಳೆಯರ ತಯಾರಿ’ ಎಂದು ಬರೆದೆ. ಯಾರು, ಏನು, ಎಲ್ಲಿ, ಯಾವಾಗ, ಹತ್ತು ರೊಟ್ಟಿಯ ಕಟ್ಟಿಗೆ ಎಷ್ಟು ಎಂಬುದೆಲ್ಲ ಮೊದಲ ಪ್ಯಾರಾದಲ್ಲೇ ಮುಗಿಯಿತು. ಪುಟದಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ, ಮೊದಲ ಪ್ಯಾರಾ ಒಂದೇ ಉಳಿದರೂ ಕೆಲಸವಾಗಬೇಕು.

ಆ ಏಳರಲ್ಲಿ ಒಬ್ಬಾಕೆ ಗಂಡ ತೀರಿಕೊಂಡ ಮೇಲೆ ಈ ಕೂಲಿಯಿಂದಲೇ ಮಗಳನ್ನು ಪಿಯುಸಿ ಓದಿಸುತ್ತಿದ್ದಾಳೆ. ಬರೆದರೆ ಪತ್ರಿಕೆಯವರು ಖಂಡಿತ ಹಾಕುತ್ತಿದ್ದರು. ಕೇಳಿದೆ. ‘ಬ್ಯಾಡ್ರಿ ಅಕ್ಕಾರ, ಮಗಳು ಕಾಲೇಜಿಗೆ ಹೊಕ್ಕಾಳ’ ಎಂದಳು. ಬಿಟ್ಟೆ.

ಉಳಿದದ್ದು ಬರಹದ ಕೆಲಸವೇ ಅಲ್ಲ, ಆದರೆ ಅರ್ಧ ಪ್ರಕಟಣೆಗಳು ಬಿದ್ದುಹೋಗುವುದು ಅಲ್ಲೇ. ನನ್ನ ಮೊದಲ ಕಡತ ಪಿಡಿಎಫ್ ಆಗಿತ್ತು. ಅದರಿಂದ ಕನ್ನಡವನ್ನು ನಕಲು ಮಾಡಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ರಾತ್ರಿ ಎಂಟಕ್ಕೆ ಪುಟ ಕಟ್ಟುವವರು ಅದನ್ನು ಮತ್ತೆ ಟೈಪ್ ಮಾಡುತ್ತಾ ಕೂರುತ್ತಾರೆಯೇ? ಕೆಲವು ಕಚೇರಿಗಳಿಗೆ ನುಡಿಯಲ್ಲಿ ಬೇಕು, ಕೆಲವಕ್ಕೆ ಯೂನಿಕೋಡ್. ಒಂದು ಫೋನ್ ಮಾಡಿ ಕೇಳಿದರೆ ತಿಳಿಯುತ್ತದೆ, ನಾವು ನಾಚಿಕೊಳ್ಳುತ್ತೇವೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಸೊರಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು ಇಲ್ಲವೇ ಇಮೇಲ್ ಮಾಡಬೇಕು. ಇನ್ನು ಸಂಪರ್ಕ ಸಂಖ್ಯೆ. ಎರಡನೆಯ ಪ್ರಕಟಣೆಯಲ್ಲಿ ಚಿಗವ್ವನ ನಂಬರ್ ಕೊಟ್ಟಿದ್ದೆ. ಹಿಟ್ಟಿನ ಕೈಯಲ್ಲಿ ಅವಳು ಫೋನ್ ಎತ್ತುವುದೇ ಇಲ್ಲ. ಈ ಸಲ ನನ್ನದು ಕೊಟ್ಟೆ.

ಹಬ್ಬಕ್ಕೆ ಎಂಟು ದಿನ ಮೊದಲು ಕಳಿಸಿದೆ. ಒಬ್ಬರು ‘ಸಣ್ಣದೊಂದು ಜಾಹೀರಾತು ಕೊಡಿ, ಸುದ್ದೀನೂ ಹಾಕ್ತೀವಿ’ ಎಂದರು, ಕೊಡಲಿಲ್ಲ. ದುಡ್ಡು ಕೊಟ್ಟು ಬಂದದ್ದರ ಮೇಲೆ ಜಾಹೀರಾತು ಎಂದೇ ಇರಬೇಕು. ಕೆಳಗಿನ ಮಹಡಿ ತೋರಿಸಿದ್ದ ಅದೇ ಉಪಸಂಪಾದಕರು ವರದಿಗಾರರನ್ನು ಶೆಡ್ಡಿಗೆ ಕಳಿಸಿದರು. ನನ್ನ ಹಾಳೆಯ ಒಂದು ವಾಕ್ಯವೂ ಸುದ್ದಿಯಲ್ಲಿ ಉಳಿದಿರಲಿಲ್ಲ, ಅಂಕಿಗಳೆಲ್ಲ ಉಳಿದಿದ್ದವು. ಸುದ್ದಿ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಫೋನಿನ ಚಾರ್ಜ್ ಮುಗಿಯಿತು. ಬಿಟ್ಟಿದ್ದ ಖಾನಾವಳಿಗಳಲ್ಲಿ ಒಂದು ವಾಪಸ್ ಬಂತು, ಇನ್ನೊಂದು ಬರಲಿಲ್ಲ.

ಇಂಥ ಶೆಡ್ಡುಗಳು, ನೇಕಾರರ ಮನೆಗಳು, ಗಾಣಗಳು ಪ್ರತಿ ಊರಿನಲ್ಲೂ ಇವೆ. ಬರೆದುಕೊಡುವವರಿಗೆ ಐನೂರೋ ಸಾವಿರವೋ ಕೊಡಲು ಅವರು ತಯಾರಿದ್ದಾರೆ. ನನಗೀಗ ಅಂಥ ನಾಲ್ಕು ಕಡೆ ಕೆಲಸವಿದೆ. ನೌಕರಿ ಎನ್ನುವಷ್ಟಿಲ್ಲ, ಆದರೆ ಸಂದರ್ಶನಕ್ಕೆ ಹೋದಾಗ ಫೈಲಿನಲ್ಲಿ ತೋರಿಸಲು ಅಂಕಪಟ್ಟಿಯ ಜತೆ ಬೇರೇನೋ ಇರುತ್ತದೆ. ಚಾಟ್‌ಜಿಪಿಟಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದಲ್ಲ ಎಂದು ತಮ್ಮ ಕೇಳಿದ. ಬರೆಸಿ ನೋಡಿದೆವು. ‘ರುಚಿ, ಶುಚಿ, ಗುಣಮಟ್ಟ’ ಎಂದೇ ಶುರುವಾಯಿತು. ಮಾಲದಂಡಿ ಎಂದು ಅದಕ್ಕೆ ಯಾರು ಹೇಳಬೇಕು?

ಮೊನ್ನೆ ಚಿಗವ್ವ ಮತ್ತೆ ಫೋನ್ ಮಾಡಿದ್ದಳು. ‘ಪೇಪರ್‌ನ್ಯಾಗ ಬಂದು ಭಾಳ ದಿನಾ ಆತು, ಇನ್ನೊಂದು ಬರಿಯವಾ.’

‘ಹೊಸಾದೇನೈತಿ ಚಿಗವ್ವಾ?’

ಸ್ವಲ್ಪ ಹೊತ್ತು ಯೋಚಿಸಿದಳು. ‘ಏನೂ ಇಲ್ಲ ಬಿಡು. ಎಲ್ಲಾ ಮದಲಿನಂಗ.’

‘ಹಂಗಾದ್ರ ಈಗ ಬ್ಯಾಡ’ ಎಂದೆ. ‘ಹೂಂ, ಖರೇನ ಅದ’ ಎಂದು ಫೋನ್ ಇಟ್ಟಳು, ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.