ಮಳೆಯ ವಹಿಯೂ ಕಾಡುಗಿಡಗಳ ಲೆಕ್ಕವೂ

ಒಕ್ಕಲುತನದಲ್ಲಿ ಬೀಜ, ಗೊಬ್ಬರ, ಕೂಲಿ, ಸಾಲದ ಬಡ್ಡಿ ಮುಂತಾದವುಗಳನ್ನು ಭೂಮಾಲಿಕರು ತಪ್ಪದೆ ಬರೆದಿಡುವರು. ಆದರೆ ಇವೆಲ್ಲಕ್ಕೂ ಮೂಲವಾದ ಮಳೆಯನ್ನು ಮಾತ್ರ ನೆನಪಿಗೆ ಬಿಟ್ಟುಬಿಡುವರು. ಹಿಂದೆ ಮಳೆ ಹೀಗಿರಲಿಲ್ಲವೆಂಬ ಮಾತು ಪ್ರತಿಯೊಂದು ಊರ ಕಟ್ಟೆಯ ಮೇಲೆ ಕೇಳಬರುವದು. ಹೇಗಿತ್ತೆಂದು ಕೇಳಿದರೆ ತೋರಿಸಲು ಒಂದು ಕಾಗದವೂ ಇರುವದಿಲ್ಲ. ನೆನಪು ದೊಡ್ಡ ಬರವನ್ನೂ ದೊಡ್ಡ ಹೊಳೆಯನ್ನೂ ಹಿಡಿದಿಡುವದು; ನಡುವಿನ ವರ್ಷಗಳನ್ನು ಮರೆಯುವದು. ಒಕ್ಕಲಿಗನ ಲಾಭಹಾನಿಗಳಾದರೋ ಹೆಚ್ಚಾಗಿ ಈ ನಡುವಿನ ವರ್ಷಗಳಲ್ಲಿಯೇ ಅಡಗಿರುವವು.

ಬೀಳಗಿ ತಾಲೂಕಿನ ಅನಗವಾಡಿಯನ್ನೇ ನೋಡಬಹುದು. ಘಟಪ್ರಭೆಯ ದಂಡೆಯ ಈ ಸೀಮೆಯಲ್ಲಿ ವರ್ಷದ ಮಳೆ ಸರಾಸರಿ 550ರಿಂದ 600 ಮಿಲಿಮೀಟರಿನ ಆಸುಪಾಸು. 1876-77ರ ಘೋರ ಬರವು ಅಂದಿನ ಕಲಾದಗಿ ಜಿಲ್ಲೆಯನ್ನು ಹಾಳುಗೆಡವಿತು; 2009 ಮತ್ತು 2019ರಲ್ಲಿ ಉತ್ತರ ಕರ್ನಾಟಕವು ಮಹಾಪೂರಗಳನ್ನು ಕಂಡಿತು. ಆಲಮಟ್ಟಿಯ ಹಿನ್ನೀರಿನಿಂದ ಹೊಳೆಸಾಲಿನ ಎಷ್ಟೋ ಭೂಮಿ ಮುಳುಗಿತು. ನೀರಾವರಿಯೂ ಕಬ್ಬೂ ಹಬ್ಬಿದವು. ಒಂದೇ ಶಿವಾರದಲ್ಲಿ ನೀರಿನ ಬದಿಯ ಎರೆಯ ಗುಣವೇ ಬೇರೆ, ಮೇಲಿನ ಮಡ್ಡಿಯ ಗುಣವೇ ಬೇರೆ. ಇಷ್ಟು ಬದಲಾದ ನಾಡಿಗೆ ಅಜ್ಜನ ಕಾಲದ ಅಂದಾಜು ಸಾಲದು.

ಇಂಗ್ಲಂಡದ ನಾರ್ಫೋಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಶಮ್ ಎಂಬ ಭೂಮಾಲಿಕನು 1736ರಲ್ಲಿ ಒಂದು ಲೆಕ್ಕವನ್ನಾರಂಭಿಸಿದನು. ಕಾಡುಹೂವು ಅರಳಿದ ದಿನ, ಮರಗಳು ಚಿಗುರಿದ ದಿನ, ಕಪ್ಪೆ ಕೂಗಿದ ದಿನ, ಹಕ್ಕಿಗಳು ಬಂದ ದಿನ, ಇಷ್ಟನ್ನೇ ಅವನು ಬರೆದನು. ಅವನ ವಂಶಜರು ಅದನ್ನು 1958ರ ವರೆಗೂ ನಡೆಯಿಸಿದರು. ಬೇಸಗೆ ಚಳಿಗಳು ಬದಲಾದಂತೆ ಗಿಡಗಳ ಕಾಲವು ಹೇಗೆ ಸರಿಯುವದೆಂಬುದನ್ನು ವಿದ್ವಾಂಸರು ಇಂದು ಆ ವಹಿಯಿಂದ ಅರಿಯುತ್ತಿರುವರು. ಅದಕ್ಕೆ ಬೇಕಾದುದು ಹಣವಲ್ಲ, ಕೇವಲ ನಿಯಮ.

ನಮ್ಮಲ್ಲಿ ನಕ್ಷತ್ರಗಳ ಲೆಕ್ಕವಿದೆಯಲ್ಲವೇ ಎಂದು ಕೆಲವರು ಕೇಳಬಹುದು. ಆ ಲೆಕ್ಕವು ಅಮೂಲ್ಯವಾದುದು. ಮೃಗಶಿರ, ಉತ್ತರಿ, ಹಸ್ತ ಎಂಬ ಹೆಸರುಗಳನ್ನು ಬಿಡುವ ಕಾರಣವಿಲ್ಲ. ಆದರೆ ನಕ್ಷತ್ರದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಈ ಅಂತರವು ಸುಮಾರು 70 ವರ್ಷಗಳಲ್ಲಿ ಒಂದು ದಿನವಾಗಿ, ಸಾವಿರ ವರ್ಷಗಳಲ್ಲಿ ಇಡೀ ಒಂದು ಮಳೆಯ ಅವಧಿಯಷ್ಟು ಆಗುವದು. ಆದುದರಿಂದ ಬಹಳ ಹಳೆಯ ಗಾದೆಯನ್ನು ಇಂದಿನ ಹೊಲದಲ್ಲಿ ಪರೀಕ್ಷಿಸಿಯೇ ನಂಬತಕ್ಕದ್ದು. ಪರೀಕ್ಷೆಗೆ ನಕ್ಷತ್ರ, ತಾರೀಖು ಎರಡೂ ಬೇಕು.

ಹಿಂಗಾರಿ ಜೋಳದ ಬಿತ್ತಿಗೆಯಲ್ಲಿ ಇದರ ಬೆಲೆ ತಿಳಿಯುವದು. ಬೇಗ ಬಿತ್ತಿದರೆ ಸುಳಿನೊಣದ ಕಾಟ. ತಡಮಾಡಿದರೆ ಎರೆಯ ಹಸಿ ಆರಿ ತೆನೆ ಜೊಳ್ಳಾಗುವದು. ಯಾವ ಮಳೆಗೆ ಎಷ್ಟು ಗೇಣು ಹಸಿ ಇಳಿಯಿತು, ಎಂದು ಬಿತ್ತಿದ್ದಕ್ಕೆ ಎಷ್ಟು ಚೀಲ ಬಂತು ಎಂಬುದನ್ನು ಹತ್ತು ವರ್ಷ ಬರೆದವನು ಹದವನ್ನು ಕಣ್ಣಳತೆಯಿಂದಲ್ಲ, ಆಧಾರದಿಂದ ತಿಳಿಯುವನು.

ಕಾಡುಗಿಡಗಳ ಲೆಕ್ಕವಾದರೂ ವ್ಯರ್ಥವಲ್ಲ. ಮುತ್ತುಗ ಹೂವಾದ ದಿನ, ಬೇವು ಚಿಗುರಿದ ದಿನ, ಜೋಳದ ಸಾಲಿನಲ್ಲಿ ಹಕ್ಕರಿಕೆ ಕಂಡ ದಿನ, ಇವು ನೆಲದ ಹಸಿಯನ್ನೂ ಗಾಳಿಯ ಕಾವನ್ನೂ ಸೂಚಿಸುವವು. ನೀರಾವರಿ ಹೊಲದಲ್ಲಿ ಜೇಕು ಹೆಚ್ಚುತ್ತ ಬಂದು, ಸವಳಿಗೆ ಒಗ್ಗುವ ಹುಲ್ಲುಗಳು ತಲೆಯೆತ್ತಿದರೆ ಭೂಮಿ ಸವಳು ಜವಳಾಗುತ್ತಿರುವದೆಂದು ಸಂಶಯಪಟ್ಟು ಬಸಿಗಾಲುವೆಯ ಯೋಚನೆ ಮಾಡತಕ್ಕದ್ದು. ಕಾಂಗ್ರೆಸ್ ಕಸವು 1955-56ರ ಸುಮಾರಿಗೆ ಪುಣೆಯ ಬಳಿ ಮೊದಲು ಕಂಡುಬಂದು ದೇಶವನ್ನೆಲ್ಲ ವ್ಯಾಪಿಸಿತು. ಹೊಸ ಗಿಡ ಕಂಡ ವರ್ಷವೇ ಬರೆದು ಸಾರುವ ರೂಢಿ ಊರೂರಲ್ಲಿ ಇದ್ದಿದ್ದರೆ, ನಾಲ್ಕು ಗಿಡವಿದ್ದಾಗಲೇ ಕಿತ್ತೊಗೆಯಬಹುದಾಗಿತ್ತು.

ಕ್ರಮವು ಸುಲಭ. ಮಳೆಮಾಪಕವನ್ನು ಬಯಲಿನಲ್ಲಿ, ಗಿಡ ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರ ಇಡಬೇಕು. ದಿನಾಲು ಬೆಳಿಗ್ಗೆ 8-30ಕ್ಕೆ ಅಳೆದು ಆ ದಿನದ ತಾರೀಖಿಗೆ ಬರೆಯಬೇಕು. ಮಳೆಯಿಲ್ಲದ ದಿನ ಸೊನ್ನೆ ಬರೆಯಬೇಕು, ಖಾಲಿ ಬಿಡಬಾರದು. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಗಿಡಗಳಲ್ಲಿ ಐದಾರನ್ನೇ ಆರಿಸಿ, ಪ್ರತಿವರ್ಷ ಅದೇ ಗಿಡಗಳನ್ನೇ ನೋಡಬೇಕು.

ಸರಕಾರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿರುವಾಗ ಈ ಶ್ರಮವೇಕೆಂಬ ಆಕ್ಷೇಪಣೆಗೆ ಉತ್ತರವಿದೆ. ಯಂತ್ರವು ತಾನಿದ್ದ ಸ್ಥಳದ ಮಳೆಯನ್ನು ಹೇಳುವದು. ಹರದಾರಿ ದೂರದ ಹೊಲ ಒಣಗಿದುದನ್ನು ಹೇಳದು. ಬೆಳೆ ಹಾನಿಯ ವಿಚಾರ ಬಂದಾಗ ಬಾಯಿಮಾತಿಗಿಂತ ದಿನದಿನವೂ ಬರೆದ ವಹಿಗೆ ಹೆಚ್ಚು ತೂಕವಿರುವದು. ಅದು ಸರಕಾರದ ಅಂಕಿಗಳ ಸ್ಥಾನವನ್ನು ಪಡೆಯದಿದ್ದರೂ ಅವುಗಳನ್ನು ಪ್ರಶ್ನಿಸಲು ಆಧಾರವಾಗುವದು.

ಆದ್ದರಿಂದ ಊರಿನ ಹಿರಿಯರು ಈ ಕೆಲಸಕ್ಕೆ ಮುಂದಾಗಬೇಕು. ಎರೆಯಲ್ಲಿ ಒಬ್ಬರು, ಮಡ್ಡಿಯಲ್ಲಿ ಒಬ್ಬರು, ಹಿನ್ನೀರಿನ ಬದಿಯಲ್ಲಿ ಒಬ್ಬರು ಹೀಗೆ ಮೂರು ವಹಿಗಳಿದ್ದರೆ ಒಂದು ಊರಿಗೆ ಸಾಕು. ಶಾಲೆಯ ಮಕ್ಕಳಿಂದ ಗಿಡಗಳ ಲೆಕ್ಕ ಬರೆಯಿಸಬಹುದು. ಯುಗಾದಿಯ ದಿನ ಮೂರನ್ನೂ ಚಾವಡಿಯಲ್ಲಿ ಓದಿ ಹೋಲಿಸತಕ್ಕದ್ದು. ಮೊದಲನೆಯ ವರ್ಷ ಇದರಿಂದ ಏನೂ ತಿಳಿಯದು; ಹತ್ತನೆಯ ವರ್ಷ ಬಹಳ ತಿಳಿಯುವದು. ಹೊಲವನ್ನು ಮಗನಿಗೆ ಬಿಟ್ಟುಹೋಗುವ ತಂದೆಯು ಅದರ ಮಳೆಯ ಲೆಕ್ಕವನ್ನೂ ಬಿಟ್ಟುಹೋಗುವದು ಯೋಗ್ಯವು.